ಏಳನೇ ನಂಬರಿನ ದಿನದ ಉಪವಾಸ

ಬಂದರಿನ ಸೈರನ್ ಬೊಬ್ಬೆ ಹೊಡೆದು ಸುಮ್ಮನಾಗುವ ಹೊತ್ತಿಗೆ ತೊಫೇಲ್ ಸಾರಂಗ್ ನಾಲ್ಕನೇ ಪರೋಟ ಮುಗಿಸಿ ಬೆರಳು ನೆಕ್ಕುತ್ತಿದ್ದ. ಈ ಪರೋಟಗಳ ಸಂಗತಿ ನೆನಪಿನಲ್ಲಿರಲಿ. ಆ ದಿನ ಅವನ ಮಾನ ಹೋದದ್ದು ಬಿರುಗಾಳಿಯಿಂದಲ್ಲ, ಇವುಗಳಿಂದ.

"ಏಳಾಯ್ತು ಉಸ್ತಾದ್," ಎಂದು ಚುಕ್ಕಾಣಿ ಹಿಡಿಯುವ ಇದ್ರಿಸ್ ರೇಡಿಯೋ ಪಕ್ಕದಿಂದ ಕೂಗಿದ. "ನಿನ್ನೆ ಬಿರುಗಾಳಿ ಎಚ್ಚರಿಕೆ ನಾಲ್ಕನೇ ನಂಬರಿತ್ತು, ಈಗ ಒಂದೇ ಏಟಿಗೆ ಏಳು. ದೊಡ್ಡ ಹಡಗೆಲ್ಲ ಜೆಟ್ಟಿ ಬಿಟ್ಟು ಸಮುದ್ರಕ್ಕೆ ಹೋಗ್ಬೇಕಂತೆ. ನಮ್ಮಂಥ ಸಣ್ಣ ಲೈಟರ್‌ಗಳು ಸೇತುವೆ ದಾಟಿ ಹೊಳೆ ಮೇಲಕ್ಕೆ."

"ಕಿವಿ ನಂಗೂ ಇದೆ ಕಣಯ್ಯ."

"ಕಿವಿ ಇದೆ, ಕಾಲೇ ಏಳ್ತಿಲ್ಲವಲ್ಲ!"

ಕಾಲು ಏಳದಿರುವುದಕ್ಕೆ ಗಾಳಿಯ ಹೆದರಿಕೆ ಕಾರಣವಲ್ಲ. ಚಿತ್ತಗಾಂಗಿನ ಕರ್ಣಫುಲಿ ನದಿಯಲ್ಲಿ, ದೊಡ್ಡ ಹಡಗಿನ ಸರಕು ಇಳಿಸಿಕೊಂಡು ತರುವ ಲೈಟರ್ ಹಡಗು ನಡೆಸುವ ಸಾರಂಗರ ಪೈಕಿ ಬಿರುಗಾಳಿಗೆ ಅಣಿಯಾಗುವುದರಲ್ಲಿ ತೊಫೇಲನನ್ನು ಮೀರಿಸಿದವರಿಲ್ಲ. ಹಾಗೆಂದು ಮಿಕ್ಕವರು ಹೇಳದಿದ್ದರೂ ಅವನೇ ಹೇಳಿಕೊಳ್ಳುತ್ತಿದ್ದ, ಮತ್ತು ಅದು ಸುಳ್ಳೂ ಅಲ್ಲ. ಹೊರಗೆ ಸಮುದ್ರದಲ್ಲಿ ನಿಂತ ದೊಡ್ಡ ಹಡಗೊಂದರಿಂದ ಅವನ ಹಡಗು 'ಮಾಯೇರ್ ದೋಆ'ಗೆ ಗೋಧಿ ಇಳಿಯುತ್ತಿದ್ದಾಗಲೇ ನಾಲ್ಕನೇ ನಂಬರು ಬಂದಿತ್ತು. ಅರ್ಧ ಸರಕಿಗೇ ಕೆಲಸ ನಿಲ್ಲಿಸಿ ನದಿಯ ಬಾಯಿಗೆ ಬಂದು ಲಂಗರು ಹಾಕಿದ್ದ. ಗೋಧಿಯ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಪದರ ಟಾರ್ಪಾಲು, ಟಾರ್ಪಾಲಿನ ಅಂಚಿಗೆ ಮರದ ಬೆಣೆ ಎಲ್ಲವೂ ಆಗಿತ್ತು. ಬೆಣೆ ಬಡಿದದ್ದು ಹುಡುಗರಾದರೂ ಒಂದೊಂದನ್ನೂ ತಾನೇ ಕಾಲಲ್ಲಿ ಒದ್ದು ನೋಡಿದ್ದ. ಕುಡಿಯುವ ನೀರು, ಅವಲಕ್ಕಿ, ಬೆಲ್ಲ, ಡೀಸೆಲ್ಲು ಯಾವುದಕ್ಕೂ ಕೊರತೆಯಿರಲಿಲ್ಲ. ಹಡಗಿನ ಬದಿಗೆ ಕಟ್ಟುವ ಹಳೇ ಲಾರಿ ಟೈರುಗಳನ್ನೂ ತೊಳೆಸಿಟ್ಟಿದ್ದ. ಟೈರು ಯಾಕೆ ತೊಳೆಯಬೇಕು ಎಂದು ಕೇಳಿದವರಿಗೆ ಬೈಗುಳ ಸಿಕ್ಕಿತ್ತು.

ಅವನ ಹೆದರಿಕೆ ಸೇತುವೆಯಾಚೆಗಿನ ಒಂದು ಘಾಟಿನದು. ಹಳೇ ಇಟ್ಟಿಗೆ ಭಟ್ಟಿಯ ಪಕ್ಕದ ಆ ಘಾಟಿನಲ್ಲಿ ಅವನ ತಂಗಿಯ ಗಂಡ ಸಫಾ ಮಿಯಾ ತನ್ನ ಹಡಗು ತಂದು ನಿಲ್ಲಿಸುತ್ತಿದ್ದ. ಮನೆಯೂ ಅಲ್ಲೇ, ದಡದ ಮೇಲೆ. ಹಡಗಿನ ಹೆಸರು 'ಹೋಸ್ನೇ ಆರಾ', ಅಂದರೆ ತೊಫೇಲನ ತಂಗಿ ಹೋಸ್ನಾಳದೇ ಪೂರ್ತಿ ಹೆಸರು. ಮೂರು ವರ್ಷದಿಂದ ನದಿಯಲ್ಲಿ ಎದುರಾದಾಗಲೆಲ್ಲ ಆ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಓದಬೇಕಾಗುತ್ತಿತ್ತು. ಓದಿ ಮುಖ ತಿರುಗಿಸುತ್ತಿದ್ದ. ತಿರುಗಿಸಿದ ಮೇಲೆ ಅರ್ಧ ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ಮೂಳೆಯಿಂದ. ಸಫಾ ತನ್ನ ತಂದೆಯ ವರ್ಷಾಂತಿಕಕ್ಕೆ ಮೇಜಬಾನ್ ಮಾಡಿ ಊರಿಗೆಲ್ಲ ಮಾಂಸದೂಟ ಹಾಕಿಸಿದ್ದ. ಪಂಕ್ತಿಯಲ್ಲಿ ನಲ್ಲಿಮೂಳೆಯ ಸಾರಿನ ಬಕೆಟ್ಟು ಬಂತು. ತೊಫೇಲನ ಎಡಗಡೆಯವನ ತಟ್ಟೆಗೆ ಮೂಳೆ ಬಿತ್ತು, ಬಲಗಡೆಯವನ ತಟ್ಟೆಗೆ ಬಿತ್ತು. ಅವನ ತಟ್ಟೆಯನ್ನು ಮಾತ್ರ ಬಕೆಟ್ಟು ದಾಟಿಕೊಂಡು ಹೋಯಿತು. ಚಿತ್ತಗಾಂಗಿನವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಅದರಲ್ಲೂ ಮನೆಯ ಸೊಸೆಯ ಅಣ್ಣನಿಗೆ! ತೊಫೇಲ್ ಎಂಜಲು ಕೈಯಲ್ಲೇ ಎದ್ದು ನಿಂತು, "ಮೂಳೆ ಎಣಿಸಿ ಬಡಿಸೋ ಜಿಪುಣನ ಮನೇಲಿ ಇನ್ನು ಅನ್ನ ಮುಟ್ಟಲ್ಲ" ಎಂದು ಐನೂರು ಜನರ ಮುಂದೆ ಕೂಗಿ ಹೊರಟುಬಿಟ್ಟ. ಸಫಾ ಹಿಂದಿನಿಂದ ಒಂದೇ ಮಾತು ಹೇಳಿದ: "ನಿಮ್ಮ ತಂಗಿ ತವರಿಗೆ ಹೋಗ್ಬೇಕಾದ್ರೆ ನೀವೇ ಬಂದು, ನಮ್ಮಲ್ಲಿ ಉಂಡು, ಕರ್ಕೊಂಡು ಹೋಗಿ."

ತವರಿಗೆ ಕರೆದೊಯ್ಯಲು ಅಣ್ಣನೇ ಬರಬೇಕೆಂಬುದು ಆ ಕಡೆಯ ಪದ್ಧತಿಯೂ ಹೌದು. ಅಣ್ಣ ಹೋಗಲಿಲ್ಲ, ತಂಗಿ ಬರಲಿಲ್ಲ. ನದಿಯ ಬಾಯಲ್ಲಿ, ಆನೋವಾರಾ ಕಡೆಯ ದಡದಲ್ಲಿದ್ದ ತಾಯಿ ಮಾತ್ರ ಮಗಳ ಹಾದಿ ಕಾಯುತ್ತ ಮಗನ ಪ್ರಾಣ ತಿನ್ನುತ್ತಿದ್ದಳು.

ಈಗಲೂ ಫೋನ್ ಬಂತು.

"ತೊಫೇಲ್, ನಾನು ಶೆಲ್ಟರ್‌ಗೆ ಬಂದೆ ಕಣೋ. ಮೈಕಿನೋರು ಬೆಳಿಗ್ಗೆನೇ ಬಂದು ಎಬ್ಬಿಸಿ ಕರ್ಕೊಂಡ್ ಬಂದ್ರು. ಎರಡು ಕೆಂಪು ಬಾವುಟ ಹಾರಿಸಿದಾರೆ. ಮೂರನೇ ಮಹಡಿ, ಒಳ್ಳೇ ಜಾಗ, ಎಲೆ ಅಡಿಕೆಗೂ ತೊಂದ್ರೆ ಇಲ್ಲ. ನೀನೆಲ್ಲಿ ಕಟ್ತೀಯ ಹಡಗು?"

"ಎಲ್ಲೋ ಒಂದ್ಕಡೆ."

"ಎಲ್ಲೋ ಒಂದ್ಕಡೆ ಯಾಕೆ? ಹೋಸ್ನಾ ಘಾಟಲ್ಲಿ ಕಟ್ಟು. ಆ ದಡದಲ್ಲಿ ದೊಡ್ಡ ದೊಡ್ಡ ಮರ ಇದೆ."

"ಮರ ಬೇರೆ ಕಡೆನೂ ಇದೆ ಅಮ್ಮ."

"ತಂಗಿ ಇದಾಳೇನೋ ಬೇರೆ ಕಡೆ?"

ಫೋನಿನಲ್ಲಿ ಚಾರ್ಜಿಲ್ಲ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟ. ಆ ದಿನದ ಮೊದಲ ಸುಳ್ಳು ಅದು.

ಲಂಗರು ಎತ್ತಿ ಹೊಳೆಯೇರಿ ಹೊರಟರು. ಗಾಳಿಯೇ ಇಲ್ಲದ ಸೆಕೆ, ಆಕಾಶಕ್ಕೆ ತಾಮ್ರದ ಪಾತ್ರೆ ತಿಕ್ಕಿದ ಬಣ್ಣ. ಬಂದರಿನ ಮುಂದೆ ಹಾಯುವಾಗ ಹುಡುಗರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ಸದಾ ಗಿಜಿಗುಡುವ ಜೆಟ್ಟಿಗಳು ಖಾಲಿ ಹೊಡೆಯುತ್ತಿದ್ದವು. ಕಂಟೇನರ್ ಎತ್ತುವ ದೈತ್ಯ ಕ್ರೇನುಗಳೆಲ್ಲ ತಮ್ಮ ಉದ್ದ ಕೈಗಳನ್ನು ಮೇಲಕ್ಕೆತ್ತಿಕೊಂಡು ನಿಂತಿದ್ದವು, ಅವುಗಳ ಕಾಲುಗಳನ್ನು ನೆಲದ ಕಬ್ಬಿಣಕ್ಕೆ ಬಿಗಿಯುತ್ತಿದ್ದರು. ಮೇಲಿನ ಸಾಲಿನ ಖಾಲಿ ಕಂಟೇನರುಗಳನ್ನು ಕೆಳಗಿಳಿಸುತ್ತಿದ್ದರು. ಕೊನೆಯ ದೊಡ್ಡ ಹಡಗನ್ನು ಎರಡು ಟಗ್‌ಗಳು ತಿರುಗಿಸಿ ಸಮುದ್ರದ ಕಡೆ ತಳ್ಳುತ್ತಿದ್ದವು.

"ಪಾಪ, ದೊಡ್ಡವರನ್ನ ಬಾಗಿಲಾಚೆ ಹಾಕ್ತಾರೆ, ಚಿಳ್ಳೆಪಿಳ್ಳೆಗಳನ್ನ ಒಳಗೆ ಕರೀತಾರೆ," ಎಂದ ಅಡುಗೆಯ ಲೇದು ಮಿಯಾ.

"ದೊಡ್ಡವರು ಜೆಟ್ಟೀಲಿದ್ರೆ ಜೆಟ್ಟಿನೇ ಒಡೀತಾರೆ. ದೊಡ್ಡೋರ ಸಿಟ್ಟು ಮನೆ ಹೊರಗಿದ್ರೇನೇ ಒಳ್ಳೇದು," ಎಂದು ಇದ್ರಿಸ್ ಸಾರಂಗನ ಕಡೆ ಓರೆಗಣ್ಣಿನಲ್ಲಿ ನೋಡಿದ. ಸಾರಂಗ್ ಕೇಳಿಸದವನಂತೆ ದುರ್ಬೀನು ಒರೆಸಿದ.

ಸೇತುವೆಯಾಚೆ ನೋಡಿದರೆ ಸಂತೆ. ಎರಡೂ ದಡಗಳಲ್ಲಿ ಹಡಗಿಗೆ ಹಡಗು ಕಟ್ಟಿಕೊಂಡು ಹೊಳೆಯೇ ಕಿರಿದಾಗಿತ್ತು. ದಡಕ್ಕೆ ಒಂದು ಹಡಗು, ಅದರ ಬದಿಗೆ ಇನ್ನೊಂದು, ಹೀಗೆ ಕಟ್ಟುವುದು ಅಲ್ಲಿಯ ಕ್ರಮ. ದಡದ ಹಡಗಿನ ಹಗ್ಗವೇ ಎಲ್ಲರಿಗೂ ಆಧಾರ. ಇನ್ನೊಂದು ಕಟ್ಟಳೆಯೂ ಇತ್ತು. ಒಳಗಿನ ಹಡಗಿನವನು ಹಗ್ಗ ಕೊಟ್ಟರೆ ಅನ್ನವನ್ನೂ ಕೊಡಬೇಕು. ಹಗ್ಗ ಹಿಡಿದವನು ಗಾಳಿ ಏಳುವ ಮುಂಚೆ ಆ ಅನ್ನ ಉಣ್ಣಬೇಕು. ಉಣ್ಣದಿದ್ದರೆ ಹಗ್ಗ ನಿಲ್ಲುವುದಿಲ್ಲವೆಂದು ಹೊಳೆಯವರ ನಂಬಿಕೆ. ಇದನ್ನು ನಂಬುವುದಿಲ್ಲ ಎಂದು ಹೇಳುವವರು ಬೇಕಾದಷ್ಟಿದ್ದರು, ಉಣ್ಣದೆ ಉಳಿದವರು ಒಬ್ಬರೂ ಇರಲಿಲ್ಲ.

ತೊಫೇಲ್ ಮೊದಲ ಘಾಟಿನಲ್ಲಿ ಕೇಳಿದ.

"ಜಾಗ ಇದೆಯಾ?"

"ನಿಮಗಾ? ಇಲ್ಲ ಸಾರಂಗ್ ಸಾಹೇಬ್ರೇ. ನಿಮ್ಮ ಜಾಗ ಮುಂದಿದೆ."

ಮುಂದಿನ ಘಾಟಿನಲ್ಲಿ ಮುದಿ ಸಾರಂಗನೊಬ್ಬ ಹುಕ್ಕಾ ಸೇದುತ್ತ ಕೂತಿದ್ದ. ಅವನ ಬದಿಯಲ್ಲಿ ಢಾಳಾಗಿ ಒಂದು ಹಡಗಿನಷ್ಟು ಜಾಗ ಖಾಲಿಯಿತ್ತು.

"ಚಾಚಾ, ಇಲ್ಲಿ ಕಟ್ಲಾ?"

"ಇಲ್ಲಿ ನಮ್ಮ ಅಳಿಯ ಬರ್ತಾನಪ್ಪ."

"ನಿಮಗೆ ಹೆಣ್ಮಕ್ಕಳೇ ಇಲ್ವಲ್ಲ ಚಾಚಾ!"

"ಹುಟ್ಟಿದ್ರೆ ಅಂತ," ಎಂದು ಮುದುಕ ಹೊಗೆ ಬಿಟ್ಟ. ಸುತ್ತಲಿನ ಹಡಗುಗಳಲ್ಲೆಲ್ಲ ನಗು ಹಾರಿತು.

ಆಗ ತೊಫೇಲನಿಗೆ ಅರ್ಥವಾಯಿತು. ಇಡೀ ಹೊಳೆಯೇ ಸೇರಿಕೊಂಡು ಹೂಡಿದ ಆಟವಿದು. ಮೂರು ವರ್ಷ ಈ ಮೂಳೆಯ ಪುರಾಣ ಕೇಳಿ ಕೇಳಿ ಜನರಿಗೆ ಸಾಕಾಗಿತ್ತು. ಇಟ್ಟಿಗೆ ಭಟ್ಟಿಯ ತಿರುವು ಬಂತು. ಅಲ್ಲಿ 'ಹೋಸ್ನೇ ಆರಾ' ದೊಡ್ಡ ಮಳೆಮರಗಳಿಗೆ ಹಗ್ಗ ಬಿಗಿದುಕೊಂಡು ನಿಂತಿತ್ತು, ಅದರ ಹೊರಬದಿ ಪೂರ್ತಿ ಖಾಲಿ. ಅಷ್ಟು ಒಳ್ಳೆಯ ಜಾಗವನ್ನು ಅಂಥ ದಿನ ಯಾರೂ ಮುಟ್ಟಿರಲಿಲ್ಲ.

ದಕ್ಷಿಣದಲ್ಲಿ ಮೋಡ ಕಪ್ಪಾಗಿತ್ತು. ಹಡಗಿನಲ್ಲಿ ಹನ್ನೊಂದು ಜನ, ಅವರಿಗೆಲ್ಲ ಹೆಂಡತಿ ಮಕ್ಕಳು. ತೊಫೇಲ್ ಹಟಮಾರಿಯೇ ಹೊರತು ಕೆಟ್ಟವನಲ್ಲ. ಹುಡುಗರ ಮುಖ ನೋಡಿದ, ಮೋಡ ನೋಡಿದ, "ಕಟ್ರೋ," ಎಂದ.

ಸಫಾ ಮಿಯಾ ತನ್ನ ಹಡಗಿನಂಚಿಗೆ ಬಂದು ನಿಂತಿದ್ದ. ಇಬ್ಬರ ನಡುವೆ ಮೂರು ಮೊಳ ನೀರು. ಆದರೂ ಮಾತು ನೆಟ್ಟಗೆ ಹೋಗಲಿಲ್ಲ.

"ಇದ್ರಿಸ್, ಅವರಿಗೆ ಹೇಳು, ಹಗ್ಗ ಎರಡು ಸುತ್ತು ಹಾಕ್ಬೇಕು ಅಂತ," ಎಂದ ಸಫಾ.

"ಇದ್ರಿಸ್, ಅವನಿಗೆ ಹೇಳು, ನಾನು ಹಗ್ಗ ಕಟ್ಟೋದು ಕಲಿತಾಗ ಅವನಿನ್ನೂ ತೊಟ್ಟಿಲಲ್ಲಿದ್ದ ಅಂತ."

"ಇದ್ರಿಸ್, ಅವರಿಗೆ ಹೇಳು, ಊಟಕ್ಕೆ ಬರ್ಬೇಕು ಅಂತ."

ಇದ್ರಿಸ್ ಬಾಯಿ ತೆರೆದ. ಎರಡೂ ಹಡಗಿನವರು ಅಂಚಿಗೆ ಬಂದು ಕಿವಿ ನೆಟ್ಟರು. ತೊಫೇಲ್ ಈ ಗಳಿಗೆಗೆಂದು ಸೇತುವೆಯಿಂದ ಇಲ್ಲಿಯವರೆಗೂ ಯೋಚನೆ ಮಾಡಿಕೊಂಡು ಬಂದಿದ್ದ. ಎದೆ ಸೆಟೆದು ಹೇಳಿದ:

"ಇವತ್ತು ನಂಗೆ ರೋಜಾ ಇದೆ. ಉಪವಾಸ."

ಲೇದು ಮಿಯಾನ ಕೈಯಿಂದ ಸೌಟು ಬಿತ್ತು. ಬೆಳಿಗ್ಗೆ ಪರೋಟ ಕಾಯಿಸಿದ್ದು ಅವನೇ. ಅವನು ಮೆಲ್ಲಗೆ ಹತ್ತಿರ ಬಂದು, "ಉಸ್ತಾದ್, ಆ ನಾಲ್ಕು ಪರೋಟ ಯಾರ ಹೊಟ್ಟೆಗೆ ಹೋಯ್ತು?" ಎಂದು ಪಿಸುಗುಟ್ಟಿದ.

"ಮುಚ್ಚು ಬಾಯಿ."

ದಡದ ಮೆಟ್ಟಿಲಿಳಿದು ಹೋಸ್ನಾ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಸುತ್ತಿದ ದೊಡ್ಡ ಪಾತ್ರೆ ಹೊತ್ತು, ಗಂಡನ ಹಡಗು ದಾಟಿ ಅಣ್ಣನ ಹಡಗಿಗೆ ಸಲೀಸಾಗಿ ಕಾಲಿಟ್ಟಳು. ಸ್ವಲ್ಪ ದಪ್ಪಗಾಗಿದ್ದಳು. ಹಣೆಯಲ್ಲಿ ಚಿಕ್ಕಂದಿನ ಗಾಯದ ಗುರುತು ಹಾಗೇ ಇತ್ತು. ತೊಫೇಲನ ಹೆಗಲಿನಿಂದಲೇ ಬಿದ್ದು ಆದದ್ದು. ಮೂರು ವರ್ಷ ಇವಳನ್ನು ನೋಡದೆ ನಾನು ಹೇಗಿದ್ದೆ ಎಂದು ಅವನಿಗೇ ಆಶ್ಚರ್ಯವಾಯಿತು. ಆದರೆ ಉಪವಾಸದ ಮುಖ ಹಾಕಿ ಕೂತಾಗಿತ್ತು.

"ಬದ್ದಾ," ಎಂದಳು. ಅಣ್ಣನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ರೋಜಾ ಅಂತೆ?"

"ಹೂಂ."

ಅವಳು ಲೇದು ಮಿಯಾನ ಕಡೆ ನೋಡಿದಳು. ಲೇದು ಆಕಾಶ ನೋಡಿದ. ಅಷ್ಟು ಸಾಕಿತ್ತು ಅವಳಿಗೆ.

"ಒಳ್ಳೇದಾಯ್ತು ಬಿಡು. ರೋಜಾ ಇರೋರಿಗೆ ಇಫ್ತಾರ್ ಕೊಟ್ರೆ ಪುಣ್ಯ. ಸಂಜೆ ಮಗ್ರಿಬ್ ಆಜಾನ್ ತನಕ ಇಲ್ಲೇ ಕೂತಿರ್ತೀನಿ. ಆಜಾನ್ ಆದ್ಮೇಲೆ ನೀನು ತಿನ್ನಲೇಬೇಕಲ್ಲ? ಗಾಳಿನೂ ಕತ್ತಲಾದ ಮೇಲೇ ಅಂತೆ ಬರೋದು."

ತೊಫೇಲ್ ಈ ಲೆಕ್ಕ ಹಾಕಿರಲಿಲ್ಲ.

ಅಲ್ಲಿಂದ ಶುರುವಾಯಿತು ಅವನ ಪಾಡು. ಹೋಸ್ನಾ ಪಾತ್ರೆಯನ್ನು ಅವನ ಮೂಗಿನ ನೇರಕ್ಕೆ ಇಟ್ಟು ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮುಚ್ಚಳದ ಸಂದಿಯಿಂದ ನಲ್ಲಿಮೂಳೆಯ ಸಾರಿನ ಹಬೆ, ಹುಣಸೆ, ಹುರಿದ ಮೆಣಸಿನ ಘಮ. ಹುಡುಗರೆಲ್ಲ ಅಲ್ಲೇ ಸಾಲಾಗಿ ಕೂತು ಅನ್ನ ಸಾರು ಹೊಡೆಯತೊಡಗಿದರು. ಒಬ್ಬ ಮೂಳೆಯನ್ನು ತಟ್ಟೆಗೆ ಕುಟ್ಟಿ ಕುಟ್ಟಿ ಒಳಗಿನದನ್ನು ಹೀರಿದ ಸದ್ದು ದಡಕ್ಕೂ ಕೇಳಿಸಿತು. ತೊಫೇಲ್ ಎದ್ದು ಹೋಗಿ ಬೆಣೆಗಳನ್ನು ಮತ್ತೊಮ್ಮೆ ಒದ್ದು ಬಂದ. ಟೈರುಗಳನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ. ಬಾಯಾರಿಕೆಯಾಯಿತು. ನೀರಿನ ಡ್ರಮ್ಮಿನ ಹತ್ತಿರ ಹೋದರೆ ತಂಗಿಯ ಕಣ್ಣು ಹಿಂದೆಯೇ ಬಂತು. ಪರೋಟ ತಿಂದು ಉಪವಾಸ ಹೇಳಿದ ಪಾಪ ಒಂದಾಯಿತು, ಇನ್ನು ಎಲ್ಲರೆದುರು ನೀರು ಕುಡಿದು ಸಿಕ್ಕಿಬೀಳುವ ನಾಚಿಕೆ ಬೇರೆ ಬೇಡವೆಂದು ಸುಮ್ಮನೆ ವಾಪಸು ಬಂದ. ಪಕ್ಕದ ಘಾಟಿನ ಮುದಿ ಸಾರಂಗ್ ಸಣ್ಣ ದೋಣಿಯಲ್ಲಿ ಬಂದು, "ತೊಫೇಲ್, ಒಂದು ಲೋಟ ಚಹಾ ಕುಡೀತೀಯೇನಪ್ಪ?" ಎಂದು ಕೇಳಿ, "ಅಯ್ಯೋ, ಮರೆತೇ ಹೋಗಿತ್ತು ನೋಡು," ಎಂದು ತಾನೇ ಕುಡಿದು ಹೋದ.

ಮಧ್ಯಾಹ್ನ ಇಳಿಯಿತು. ಮೊದಲ ಮಳೆ ಹನಿಯಿತು. ಹೊಳೆಯ ನೀರು ಎಣ್ಣೆಯ ಹಾಗೆ ನುಣ್ಣಗಾಗಿ, ಆಮೇಲೆ ಸಣ್ಣಗೆ ನಡುಗತೊಡಗಿತು. ಹೋಸ್ನಾ ಚುಕ್ಕಾಣಿಯ ಕೋಣೆಯಲ್ಲಿ ಕಾಲು ಚಾಚಿ ಕೂತು ಅಮ್ಮನ ಮಂಡಿನೋವು, ಊರಿನ ಸುದ್ದಿ, ತನ್ನ ಮಕ್ಕಳ ಶಾಲೆ ಎಲ್ಲವನ್ನೂ ಮಾತಾಡಿದಳು. ತೊಫೇಲ್ ಮೊದಲು ಹೂಂ ಎಂದ, ಆಮೇಲೆ ಒಂದೊಂದು ಮಾತಾಡಿದ, ಕೊನೆಗೆ ಹಸಿವನ್ನೂ ಮರೆತು ನಕ್ಕ. ಆಚೆ ಹಡಗಿನಲ್ಲಿ ಸಫಾ ಹಗ್ಗ ಹೊಸೆಯುವ ನೆಪದಲ್ಲಿ ಕಿವಿ ಈ ಕಡೆಗೇ ಇಟ್ಟಿದ್ದ.

ಭಟ್ಟಿಯ ಹಿಂದಿನ ಮಸೀದಿಯಿಂದ ಆಜಾನ್ ಕೂಗಿದರು. ಗಾಳಿ ಅರ್ಧವನ್ನು ಹಾರಿಸಿಕೊಂಡು ಹೋದರೂ ಉಳಿದರ್ಧ ಸ್ಪಷ್ಟವಾಗಿ ಕೇಳಿತು. ಸಫಾ ಮಿಯಾ ಹಡಗು ದಾಟಿ ಬಂದ. ತಟ್ಟೆ ಇಟ್ಟು, ಅನ್ನ ಬಡಿಸಿ, ಪಾತ್ರೆಯಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ದೊಡ್ಡ ಮೂಳೆಯನ್ನು ಆರಿಸಿ ಭಾವನ ತಟ್ಟೆಗೆ ಹಾಕಿದ. ಹೋಸ್ನಾ ಅಂಗೈಯಲ್ಲೊಂದು ಖರ್ಜೂರ ಹಿಡಿದು ನಿಂತಿದ್ದಳು.

"ತಗೋ ಬದ್ದಾ. ನಾಲ್ಕು ಪರೋಟದ ರೋಜಾ ಬಿಡೋಕೆ ಒಂದು ಖರ್ಜೂರ ಸಾಕೋ, ಇನ್ನೊಂದು ಬೇಕೋ?"

ಎರಡೂ ಹಡಗುಗಳು ನಗುವಿನಲ್ಲಿ ಅಲ್ಲಾಡಿಹೋದವು. ಇದ್ರಿಸ್ ಹೊಟ್ಟೆ ಹಿಡಿದು ಕೂತುಬಿಟ್ಟ. ತೊಫೇಲ್ ಕೆಂಪಗಾಗಿ, ಲೇದುವಿನತ್ತ ಗುರಾಯಿಸಿ, ಕೊನೆಗೆ ತಡೆಯಲಾರದೆ ತಾನೂ ನಕ್ಕುಬಿಟ್ಟ. ನಗುತ್ತಲೇ ಖರ್ಜೂರ ತಿಂದು, ಬೀಜ ಅವಳ ಕೈಗಿಟ್ಟು, ಮೂಳೆಗೆ ಕೈ ಹಾಕಿದ.

"ಇದನ್ನ ಮೂರು ವರ್ಷದ ಹಿಂದೆನೇ ಹಾಕಿದ್ರೆ ಏನಾಗ್ತಿತ್ತು?" ಎಂದ, ತಟ್ಟೆಯ ಕಡೆ ನೋಡುತ್ತ. ಮೊದಲ ಸಲ ಮಾತು ಇದ್ರಿಸನನ್ನು ಬಳಸದೆ ಸಫಾನಿಗೇ ಹೋಗಿತ್ತು.

ಸಫಾ ಹೆಂಡತಿಯ ಮುಖ ನೋಡಿದ. ಹೋಸ್ನಾ ಖರ್ಜೂರದ ಬೀಜವನ್ನು ಹೊಳೆಗೆ ಎಸೆದಳು.

"ಅವತ್ತು ನಿನ್ನ ತಟ್ಟೆಗೆ ಹಾಕ್ಬೇಡಿ ಅಂತ ಬಡಿಸೋರಿಗೆ ನಾನೇ ಹೇಳಿದ್ದೆ ಬದ್ದಾ. ಪಂಕ್ತೀಲಿ ಎಲ್ರಿಗೂ ಒಂದೊಂದೇ ತುಂಡು. ನಿಂಗೆ ಅಂತ ಒಳಗೆ ಒಂದು ಬಟ್ಟಲು ತುಂಬ ತೆಗೆದಿಟ್ಟಿದ್ದೆ. ಅಮ್ಮ ಮಾಡೋ ಹಾಗೆ ಹುಣಸೆ ಹಿಂಡಿದ್ದೆ. ಊಟ ಆದ್ಮೇಲೆ ಅಡುಗೆಮನೆಗೆ ಕರೆಯೋಣ ಅಂತಿದ್ದೆ. ನೀನು ನಡುವೇನೇ ಎದ್ದುಬಿಟ್ಟೆ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಗೆ ಬಿಡ್ಲಿ? ಮಾವನ ಹೆಸರಲ್ಲಿ ಮಾಡಿದ ಅಡುಗೇಲಿ ಸೊಸೆ ಒಳ್ಳೊಳ್ಳೇ ಮೂಳೆ ಕದ್ದು ತನ್ನಣ್ಣನಿಗೆ ಬಚ್ಚಿಟ್ಟಳು ಅಂತ ಗೊತ್ತಾಗಿದ್ರೆ ನಮ್ಮತ್ತೆ ನನ್ನ ಬದುಕೋಕೆ ಬಿಡ್ತಿದ್ರಾ? ಈ ಬೇಸಿಗೇಲಿ ಅವರು ಹೋದ್ರು. ಇವರಿಗೆ ಮೊದಲಿಂದ್ಲೂ ಗೊತ್ತಿತ್ತು. 'ಜಿಪುಣ ಅಂತ ನನ್ನನ್ನೇ ಅನ್ಲಿ ಬಿಡು' ಅಂದ್ರು."

ತೊಫೇಲನ ಕೈ ತಟ್ಟೆಯಲ್ಲೇ ನಿಂತಿತು. ಐನೂರು ಜನರ ಮುಂದೆ ತಾನು ಕೂಗಿದ ಮಾತು, ಅದನ್ನು ಕೇಳಿಯೂ ಸುಮ್ಮನೆ ನಿಂತಿದ್ದ ಈ ಮನುಷ್ಯ! ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಸಫಾನ ಮೇಲೆ ಒಮ್ಮೆಗೇ ಅಕ್ಕರೆ ಉಕ್ಕಿತು. ತನ್ನ ತಟ್ಟೆಯ ಮೂಳೆಯನ್ನು ಎತ್ತಿ ಸಫಾನ ಮುಂದೆ ಹಿಡಿದ.

"ನೀನು ಉಂಡಿಲ್ಲ. ತಿನ್ನು."

"ಎಂಜಲು ಕೊಡ್ತೀರಲ್ಲ ಬದ್ದಾ!"

"ಕೊಟ್ಟಿದ್ದು ತಿನ್ನೋ, ಮೂಳೆ ಎಣಿಸೋ ಜಿಪುಣ," ಎಂದ ತೊಫೇಲ್. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಸಫಾ ನಗುತ್ತ ಅಲ್ಲೇ ಕೂತು ತಿಂದ.

ಕೈ ತೊಳೆಯುವಷ್ಟರಲ್ಲಿ ಗಾಳಿ ಬಂತು. ಹೋಸ್ನಾಳನ್ನು ದಡ ಹತ್ತಿಸಿ ಬಂದ ಸಫಾ ತನ್ನ ಹಡಗಿನಂಚಿನಲ್ಲಿ, ತೊಫೇಲ್ ತನ್ನದರಲ್ಲಿ ನಿಂತರು. ಹಡಗುಗಳು ಒಂದಕ್ಕೊಂದು ಗುದ್ದುವಾಗ ನಡುವೆ ಟೈರು ತುರುಕುವುದು, ಉಜ್ಜಿದ ಹಗ್ಗಕ್ಕೆ ಗೋಣಿ ಸುತ್ತುವುದು, ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯುವುದು. "ಎಳಿಯೋ ಸಫಾ!" "ಬಿಡಿ ಬದ್ದಾ, ಬಿಡಿ, ಬಿಡಿ!" ಎಂದು ಒಬ್ಬರಿಗೊಬ್ಬರು ನೇರವಾಗಿ ಅರಚಿಕೊಂಡರು. ಮಧ್ಯಸ್ಥಿಕೆಯ ಕೆಲಸ ಹೋದ ಇದ್ರಿಸ್ ನೀರು ಎತ್ತಿ ಹೊರಗೆ ಚೆಲ್ಲಿದ. ಮರಗಳ ಕೊಂಬೆ ಮುರಿದವು, ಭಟ್ಟಿಯ ತಗಡು ಹಾರಿತು, ಹಗ್ಗ ಮಾತ್ರ ಜಗ್ಗಲಿಲ್ಲ.

ಬೆಳಗಾದಾಗ ಬಿರುಗಾಳಿ ದಡ ಹತ್ತಿ ದೂರದ ಗುಡ್ಡಗಳಲ್ಲಿ ಸುಸ್ತಾಗಿತ್ತು. ರೇಡಿಯೋದವನು ಮೂರನೇ ನಂಬರಿಗೆ ಇಳಿಸಿದ್ದಾಗಿ ಹೇಳಿ, ಬಂದರಿನ ಕ್ರೇನುಗಳು ಕೈ ಇಳಿಸುತ್ತಿವೆ, ಹಡಗುಗಳು ಬರಬಹುದು ಎಂದ. ತೊಫೇಲ್ ಟಾರ್ಪಾಲಿನ ಮೂಲೆ ಎತ್ತಿ ನೋಡಿದ. ಗೋಧಿ ಒಣಗಿಯೇ ಇತ್ತು. ಹಗ್ಗ ಬಿಚ್ಚಿಸಬೇಕು. ಆದರೆ ತಂಗಿಯನ್ನು ಏನೆಂದು ಕೇಳಬೇಕೋ ತಿಳಿಯದೆ ಮೀಸೆ ತಿರುವುತ್ತ ನಿಂತ.

ಕೇಳುವ ಅಗತ್ಯ ಬೀಳಲಿಲ್ಲ. ಹೋಸ್ನಾ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ತಗಡಿನ ಪೆಟ್ಟಿಗೆ, ಹಿಂದೆ ಇಬ್ಬರು ಮಕ್ಕಳು. ಪೆಟ್ಟಿಗೆ ಎಷ್ಟೋ ದಿನದ ಹಿಂದೆಯೇ ತುಂಬಿಟ್ಟದ್ದೆಂದು ಅದರ ಮೇಲಿನ ಧೂಳೇ ಹೇಳುತ್ತಿತ್ತು.

"ನಾನು ಕರಿಯೋಕೆ ಬಂದೋನಲ್ಲ ಕಣೇ, ಗಾಳಿ ಹೊತ್ಕೊಂಡು ಬಂದು ಹಾಕಿದ್ದು," ಎಂದ ತೊಫೇಲ್.

"ಬಂದ್ಯಾ? ಬಂದೆ. ಉಂಡ್ಯಾ? ಉಂಡೆ. ಇನ್ನು ಕರ್ಕೊಂಡು ಹೋಗೋದೊಂದೇ ಬಾಕಿ. ಈ ಪೆಟ್ಟಿಗೆ ಹಿಡಿ, ಭಾರ ಇದೆ."

ಸಫಾ ಹಗ್ಗ ಬಿಚ್ಚಿ ಎಸೆದು, "ಹದಿನೈದು ದಿನಕ್ಕೆ ಕಳಿಸಿ ಬದ್ದಾ, ಇಲ್ದಿದ್ರೆ ನಾನೇ ಬಂದು ಉಂಡು ಕರ್ಕೊಂಡು ಬರ್ತೀನಿ," ಎಂದು ಕೂಗಿದ.

"ಬಾ. ಮೂಳೆ ಎಣಿಸಿ ಹಾಕ್ತೀನಿ!"

ಸೇತುವೆ ದಾಟುವಾಗ ಅಮ್ಮನ ಫೋನ್ ಬಂತು. ಶೆಲ್ಟರಿನಲ್ಲಿ ಎಲ್ಲರೂ ಕ್ಷೇಮ, ಮನೆಯ ಮಾಡು ಒಂದು ಕಡೆ ಹಾರಿದೆ, ಕೋಳಿ ಉಳಿದಿವೆ, ರಾತ್ರಿಯೆಲ್ಲ ಒಬ್ಬಳು ಗೊರಕೆ ಹೊಡೆದಳು ಎಂದು ಉಸಿರು ಬಿಡದೆ ಹೇಳಿ, "ಕೊನೆಗೆ ಎಲ್ಲಿ ಕಟ್ಟಿದ್ಯೋ ಹಡಗು?" ಎಂದು ಕೇಳಿದಳು.

ತೊಫೇಲ್ ಫೋನನ್ನು ತಂಗಿಯ ಕೈಗೆ ಕೊಟ್ಟ.

"ಅಮ್ಮ," ಎಂದಳು ಹೋಸ್ನಾ. "ಬರ್ತಾ ಇದೀನಿ. ಹಡಗಲ್ಲೇ ಇದೀನಿ."

ಹುಟ್ಟಿದಾಗಿನಿಂದ ಮಾತು ನಿಲ್ಲಿಸದ ಆ ತಾಯಿ, "ಒಲೆ ಹಚ್ತೀನಿ," ಎಂದಷ್ಟೇ ಹೇಳಿ ಫೋನಿಟ್ಟಳು. ತೊಫೇಲ್ ಚುಕ್ಕಾಣಿಯನ್ನು ಇದ್ರಿಸನಿಂದ ಕಿತ್ತುಕೊಂಡು ತಾನೇ ಹಿಡಿದ, ಹೊಳೆಯ ಬಾಯಲ್ಲಿ ಅಮ್ಮನ ದಡದ ಕಡೆಗೆ ತಿರುಗಿಸಿದ.